ಓಗೊಡದ ದಿಬ್ಬ

ಮಡುಗೇರಿಯ ದೋಣಿಕಟ್ಟೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ಹೊಳೆಗೂ ಕಡಲಿಗೂ ನಡುವೆ ಉದ್ದನೆಯ ಮರಳದಿಬ್ಬವೊಂದು ಕಾಣುತ್ತದೆ. ಮನೆಯಿಲ್ಲ, ಮರವಿಲ್ಲ, ಒಂದಷ್ಟು ಕಡಲಹಕ್ಕಿಗಳಿವೆ, ಅಷ್ಟೇ. ಅಳೆಯಲು ಬಂದವರೆಲ್ಲ ಇದರ ಮುಂದೆ ಸೋತಿದ್ದಾರೆ. ಅವರು ಊರಿಗೆ ಮರಳಿ ನಕ್ಷೆ ಬರೆದು ಮುಗಿಸುವಷ್ಟರಲ್ಲಿ ದಿಬ್ಬ ನಾಲ್ಕು ಮಾರು ತೆಂಕಣಕ್ಕೆ ಸರಿದಿರುತ್ತದೆ. ಮಳೆಗಾಲದ ತೆರೆಗಳು ಬಡಗಣ ಅಂಚನ್ನು ಕೊರೆದು ಒಯ್ಯುತ್ತವೆ, ಬೇಸಗೆಯ ತೆರೆಗಳು ಅದೇ ಮರಳನ್ನು ತೆಂಕಣ ತುದಿಗೆ ತಂದು ಸುರಿಯುತ್ತವೆ. ದಿಬ್ಬ ಕರಗುವುದಿಲ್ಲ, ನಡೆಯುತ್ತದೆ. ಈ ಗುಟ್ಟನ್ನು ಮೊದಲು ಅರಿತವಳು ಅಕ್ಕಣಿ ಎಂಬ ಮೊಗವೀರ ಹೆಂಗಸು ಎನ್ನುತ್ತಾರೆ. ಅರಿತದ್ದರಿಂದ ಅವಳಿಗೆ ಸುಖವೇನೂ ಸಿಗಲಿಲ್ಲ.

ಹಿಂದೆ ಒಮ್ಮೆ ಈ ದಿಬ್ಬ ಬಡಗಣ ದಡಕ್ಕೆ ಅಂಟಿಕೊಂಡೇ ಇತ್ತು. ಹೊಳೆ ಕಡಲಿಗೆ ಸೇರುವ ಅಳಿವೆ ಇದ್ದದ್ದು ದೂರದ ತೆಂಕಣ ತುದಿಯಲ್ಲಿ. ಪ್ರತಿ ಬೇಸಗೆಯಲ್ಲೂ ಅದರ ಬಾಯಿಗೆ ಮರಳು ತುಂಬುತ್ತಿತ್ತು. ಮೊದಲ ಮಳೆಗೆ ಹೊಳೆನೀರು ಗದ್ದೆಗೆ ನುಗ್ಗದಂತೆ ಊರವರು ಹೋಗಿ ಕಡಿದು ಬಿಡುತ್ತಿದ್ದರು. ಎಲ್ಲಿ ಕಡಿಯಬೇಕೆಂದು ಗೂಟ ನೆಡುವವನು ಅಕ್ಕಣಿಯ ಗಂಡ ಸೂರ ಮರಕಾಲ. ಗೂಟ ನೆಟ್ಟವನಿಗೆ ಒಂದು ಕಟ್ಟಳೆಯಿತ್ತು: ಕಡಿದ ಬಾಯಿ ಹದಕ್ಕೆ ಬಂದು, ಮರಳು ಮತ್ತೆ ಕೂಡಿ, ಕಾಲು ನೆನೆಯದೆ ನಡೆದು ಬರುವಂತಾಗುವ ತನಕ ಅವನು ಒಬ್ಬನೇ ಮರಳಿನ ಮೇಲೆ ಕಾವಲಿರಬೇಕು. ಹೆಂಡತಿ ಮಕ್ಕಳು ಆ ಮರಳನ್ನು ತುಳಿಯಬಾರದು. ಮಳೆಗಾಲ ಕಳೆದು ನಾಲ್ಕು ತಿಂಗಳಿಗೆ ಅವನು ಮನೆಗೆ ಬರುತ್ತಿದ್ದ, ಗಡ್ಡ ಬೆಳೆಸಿಕೊಂಡು, ಉಪ್ಪುಗಾಳಿಗೆ ಇನ್ನಷ್ಟು ಕಪ್ಪಾಗಿ.

ಒಂದು ವರ್ಷ ಮಳೆ ಬೇಗ ಬಂತು, ಗದ್ದೆಗೆ ನೀರು ಏರಿತು. ತೆಂಕಣ ತುದಿಗೆ ಅರ್ಧ ದಿನದ ನಡಿಗೆ. ದೋಣಿಕಟ್ಟೆಯ ಎದುರಿನಲ್ಲೇ ದಿಬ್ಬ ಸಪೂರವಾಗಿದೆಯಲ್ಲ, ಅಲ್ಲೇ ಕಡಿಯೋಣವೆಂದು ಊರವರು ಹಟ ಹಿಡಿದರು. ಸೂರನಿಗೆ ಮನಸ್ಸಿರಲಿಲ್ಲ. ಆದರೂ ಹತ್ತು ಜನರ ಬಾಯಿಗೆ ಸೋತು ಗೂಟ ನೆಟ್ಟ. ಸಂಜೆಯೊಳಗೆ ಆ ಕಾಲುವೆ ಅಳಿವೆಯಾಯಿತು, ಬೆಳಗಾಗುವುದರೊಳಗೆ ದಂಡೆಯ ಆರು ಗುಡಿಸಲುಗಳನ್ನು ನುಂಗಿತು. ಅದೇ ಮಳೆಗೆ ತೆಂಕಣದ ಹಳೆಯ ಬಾಯಿಯೂ ಒಡೆದು, ಎರಡು ಅಳಿವೆಗಳ ನಡುವೆ ದಿಬ್ಬ ಒಂಟಿಯಾಯಿತು. ಅದರ ಮೇಲೆ ಸೂರನೂ ಒಂಟಿಯಾದ. ಊರವರು ದೋಣಿ ಕಳಿಸಿದರು. ಅವನು ಹತ್ತಲಿಲ್ಲ.

"ಗೂಟ ಹಾಕಿದ್ದ್ ನಾನ್. ಮರಳ್ ಕೂಡು ತನಕ ನಾ ಬಪ್ಪುದಿಲ್ಲೆ" ಎಂದ.

ಅಂದಿನಿಂದ ಅಕ್ಕಣಿ ಪ್ರತಿ ಸಂಜೆ ದೋಣಿಕಟ್ಟೆಗೆ ಬಂದು ಕೂಗುತ್ತಿದ್ದಳು: "ಓ... ಉಂಡ್ರ್ಯಾ?" ಆಚೆಯಿಂದ "ಉಂಡೆ" ಎಂದು ಉತ್ತರ ಬರುತ್ತಿತ್ತು. ವಾರಕ್ಕೊಮ್ಮೆ ಅಕ್ಕಿ ಇಳಿಸಿ ಬರುವ ದೋಣಿಯ ಸುಕ್ರ ಖಾರ್ವಿ, ಸೂರ ಅರ್ಧಕ್ಕರ್ಧ ದಿನ ಉಪವಾಸವೇ ಇರುತ್ತಾನೆ ಎನ್ನುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ವರ್ಷ ಕಳೆದಂತೆ ದಿಬ್ಬ ದೂರ ಸರಿಯಿತು, ಮಾತು ಮುಟ್ಟದಾಯಿತು. ಕೊನೆಗೆ ಬರಿಯ "ಓ" ಎಂಬ ಕೂಗು ಮಾತ್ರ ಅತ್ತಿತ್ತ ಹಾಯುತ್ತಿತ್ತು. ಆ ಒಂದು ಕೂಗಿಗಾಗಿ ಅವಳು ಇಡೀ ದಿನ ಬದುಕುತ್ತಿದ್ದಳು.

ಏಳು ವರ್ಷ ನೋಡಿ ನೋಡಿ ಅವಳಿಗೆ ಮರಳಿನ ನಡೆ ತಿಳಿಯಿತು. ದಿಬ್ಬ ಹೀಗೇ ನಡೆದರೆ ತೆಂಕಣದ ಬಾಯಿ ಮುಚ್ಚಲೇಬೇಕು. ಆ ದಡದಿಂದ ಅವನು ಒಣಗಾಲಲ್ಲಿ ಮನೆಗೆ ಬರಬಹುದು. ಸುಕ್ರನ ಕೈಯಲ್ಲಿ ಹೇಳಿ ಕಳಿಸಿದಳು. ಆ ವರ್ಷ ಇನ್ನೇನು ಕೂಡಿತು ಎನ್ನುವಾಗ ಮಳೆ ಬಂದು ಎಲ್ಲ ಹರಿದುಕೊಂಡು ಹೋಯಿತು. ಸೂರ ಒಂದು ತಿಂಗಳು ಅವಳ ಕೂಗಿಗೆ ಓಗೊಡಲಿಲ್ಲ. ಇನ್ನೊಮ್ಮೆ ಅವನಿಗೆ ಸುಳ್ಳು ಆಸೆ ಹುಟ್ಟಿಸಬಾರದೆಂದು ಅವಳು ನಿಶ್ಚಯಿಸಿದಳು.

ಎಂಟನೆಯ ಬೇಸಗೆಯ ಕೊನೆಗೆ ದಿಬ್ಬಕ್ಕೂ ತೆಂಕಣ ದಡಕ್ಕೂ ನಡುವೆ ಉಳಿದದ್ದು ಇಪ್ಪತ್ತು ಮಾರು ನೀರು. ತವರಿಗೆ ಹೋಗುತ್ತೇನೆ, ಮುಂದಿನ ಅಕ್ಕಿಯ ದಿನ ಅವನಿಗೆ ತಿಳಿಸು ಎಂದು ಸುಕ್ರನಿಗೆ ಹೇಳಿ ಅಕ್ಕಣಿ ತೆಂಕಣ ದಡಕ್ಕೆ ನಡೆದಳು. ಇಳಿತ ಬಂದಾಗಲೆಲ್ಲ ಸೊಂಟದ ನೀರಿನಲ್ಲಿ ನಿಂತು ತೆಂಗಿನ ಮಡಲು ಊರಿದಳು, ಮಡಲಿಗೆ ಮರಳು ತಡೆದಲ್ಲಿ ಅದನ್ನು ಹಿಡಿದಿಡಲು ಅಡಂಬು ಬಳ್ಳಿ ನೆಟ್ಟಳು. ಒಂಬತ್ತು ದಿನ ಹೀಗೆ ದುಡಿದಳು. ಅಂಗೈ ಸುಲಿದುಹೋಯಿತು, ಮನಸ್ಸು ಮಾತ್ರ ಮದುವೆಮನೆಯಂತಿತ್ತು. ಹತ್ತನೆಯ ದಿನ ಮರಳು ಕೂಡಿತು. ಕಟ್ಟಳೆ ತೀರಿತೆಂದು ಅವಳು ಮೊದಲ ಸಲ ದಿಬ್ಬದ ಮೇಲೆ ಕಾಲಿಟ್ಟು, ಬಡಗಣ ತುದಿಯ ತನಕ ನಡೆದಳು. ಗುಡಿಸಲಿನಲ್ಲಿ ಒಲೆ ತಣ್ಣಗಿತ್ತು.

ಉಳಿದ ಅಕ್ಕಿಯನ್ನು ಹಿಂದಕ್ಕೆ ಒಯ್ಯಲು ಬಂದಿದ್ದ ಸುಕ್ರ ಅಲ್ಲೇ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಎರಡ್ ದಿನ ನಿನ್ ಕೂಗ್ ಇಲ್ಲೆ ಅಂದೇಳಿ, ಮೂರ್ನೇ ದಿನ ನೀರಿಗೆ ಇಳ್ದ. ನಾ ಆಚಿ ದಡದಿಂದ ಕಂಡಿದ್ದೆ. ನಿನ್ ಹೆಸ್ರ್ ಕೂಗ್ತಾ ಈಜಿ ಬತ್ತಿದ್ದ. ನಾ ದೋಣಿ ತಕಂಡ್ ಬಪ್ಪುದ್ರೊಳಗೆ ಇಳಿತ ಎಳ್ಕಂಡ್ ಹೋಯ್ತ್."

ಎಂಟು ವರ್ಷ ಕೂಗಿದರೂ ಬಾರದವನು ಕೂಗು ನಿಂತ ಮೂರನೆಯ ದಿನ ಬಂದಿದ್ದ. ಅಕ್ಕಣಿ ದೋಣಿಕಟ್ಟೆಗೆ ಮರಳಿದಳು, ಬದುಕಿರುವ ತನಕ ಸಂಜೆ ಬಂದು ದಿಬ್ಬವನ್ನು ಕೂಗಿದಳು. ಅದು ಓಗೊಡಲಿಲ್ಲ. ದಿಬ್ಬಕ್ಕೆ ಆ ಹೆಸರು ಉಳಿಯಿತು.

ಅವಳು ಕೂಡಿಸಿದ ಮರಳನ್ನು ಕಡಲು ಯಾವಾಗಲೋ ಒಯ್ದಿದೆ. ಆದರೆ ಮಡುಗೇರಿಯ ಹೆಂಗಸರು ಎಲ್ಲಿಗೆ ಹೊರಟರೂ, ಸಂತೆಗೇ ಆಗಲಿ, ಒಂದು ಗಳಿಗೆ ಪಡುವಣಕ್ಕೆ ತಿರುಗಿ ನಿಲ್ಲುವುದನ್ನು ಬಂದವರು ಈಗಲೂ ನೋಡಬಹುದು. ಬಸ್ಸಿನವನು ಹಾರನ್ ಒತ್ತುತ್ತಲೇ ಇರುತ್ತಾನೆ. ಅವರು ಅವಸರಪಡದೆ, ಯಾರೂ ಇಲ್ಲದ ಆ ಮರಳಿಗೆ ಕೇಳುವಷ್ಟು ಗಟ್ಟಿಯಾಗಿ, "ಹೋಯಿ ಬತ್ತೆ" ಎಂದು ಹೇಳಿಯೇ ಹತ್ತುತ್ತಾರೆ.