ಮೇಜು ಸಿದ್ಧವಾದ ಮೇಲೆ

ಹೊಳೆದಂಡೆಯ ಆ ಆಶ್ರಮಕ್ಕೆ ಹೆಸರಿರಲಿಲ್ಲ. ಒಂದು ಕಲ್ಲಿನ ಕಟ್ಟೆ, ನಾಲ್ಕು ಕೋಣೆ, ಅಂಗಳದಲ್ಲಿ ಒಂದು ಹಿತ್ತಾಳೆಯ ಗಂಟೆ.

ಅಲ್ಲಿದ್ದ ಗುರು ಮೂವತ್ತು ವರ್ಷ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದು, ಸಾಕೆನಿಸಿ ಹೊಳೆಗೆ ಬಂದು ಕೂತವರು. ಕಲಿಯಲು ಬಂದವರಿಗೆ ಅದೇ ವಿದ್ಯೆ ಹೇಳಿಕೊಡುತ್ತಿದ್ದರು. ಕಾವಿ ಉಡದಿದ್ದರೂ ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಗಂಟೆ ಇದ್ದದ್ದು ಪೂಜೆಗಲ್ಲ. ಮೇಲಿನ ಅಣೆಕಟ್ಟಿನ ಗೇಟು ತೆರೆದರೆ ಅರ್ಧ ತಾಸಿನಲ್ಲಿ ನೀರು ಇಲ್ಲಿಗೆ ಬರುತ್ತದೆ. ಗೇಟಿನವನು ಆಶ್ರಮಕ್ಕೆ ಫೋನ್ ಮಾಡುತ್ತಿದ್ದ, ಅಜ್ಜಾರು ಗಂಟೆ ಬಾರಿಸುತ್ತಿದ್ದರು, ಹೊಳೆಯಲ್ಲಿದ್ದ ಅಂಬಿಗರ ಹುಲಿಗೆಪ್ಪ ತನ್ನ ಹರಿಗೋಲನ್ನು ದಡಕ್ಕೆ ತರುತ್ತಿದ್ದ. ಹನ್ನೆರಡು ವರ್ಷ ಹೀಗೇ ನಡೆದಿತ್ತು.

ಆ ವರ್ಷ ಅಜ್ಜಾರ ಕಿವಿ ಮಂದವಾಯಿತು. ಅವರು ಶಿಷ್ಯ ಧರಣೇಂದ್ರನನ್ನು ಕರೆದರು.

"ತಮ್ಮಾ, ಮ್ಯಾಲಿನ ತಿರುವಿನ್ಯಾಗ ನೀರು ಅಳತಿ ಮಾಡೂ ಕಂಬ ಹಾಕ್ಯಾರ. ಅದು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಕಳಸ್ತೈತಿ. ಮಟ್ಟ ಏರಿದ ಕೂಡ್ಲೆ ನಮ್ಮ ಮಾಳಿಗಿ ಮ್ಯಾಲಿನ ಸೈರನ್ ತಾನಾಗೇ ಕೂಗಬೇಕು. ಅಂಥಾದ್ದೊಂದು ಪ್ರೋಗ್ರಾಮ್ ಬರಿ."

"ಬರೀತೀನ್ರಿ ಅಜ್ಜಾರ."

"ಅದು ಮುಗಿಯೂ ತನಕ ಈ ಫೋನ್ ನಿನ್ನ ಹತ್ರ ಇರಲಿ. ಗೇಟಿನಾವ ಫೋನ್ ಮಾಡಿದ್ರ ಗಂಟಿ ಬಾರಸು. ಇದು ನನ್ನ ಕಿವಿ, ನಿನ್ನ ಕೈಯಾಗ ಕೊಟ್ಟೀನಿ."

ಧರಣೇಂದ್ರ ಜಾಣ. ಸೋಮಾರಿಯೂ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅವನು ಮುಂದೆ ಮಾಡಿದ್ದನ್ನು ಸೋಮಾರಿಯಾದವನು ಮಾಡಲಾರ.

ಆಶ್ರಮದಲ್ಲಿ ಇದ್ದದ್ದು ಮಣೆಯ ಮೇಲೆ ಒಂದು ಹಳೆಯ ಕಂಪ್ಯೂಟರು, ಎರಡು ಗುಂಡಿ ಕಿತ್ತುಹೋದ ಕೀಬೋರ್ಡು, ಕೂರಲು ಒಂದು ಚಾಪೆ.

"ಇಲ್ಲಿ ಕೂತರ ಬೆನ್ನು ನೋಯ್ತೈತ್ರಿ. ಮನಸ್ಸು ನಿಲ್ಲೂದಿಲ್ಲ. ಮೊದಲ ಕೂಡೂ ಜಾಗ ಸರಿ ಮಾಡ್ಕೊತೀನಿ," ಅಂದ ಧರಣೇಂದ್ರ.

ಅಜ್ಜಾರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮೊದಲ ವಾರ ಆಚೆ ದಡದಿಂದ ಒಂದಾಳುದ್ದದ ತೇಗದ ಹಲಗೆ ಬಂತು. ಹುಲಿಗೆಪ್ಪ ಅದನ್ನು ಹರಿಗೋಲಿನಲ್ಲಿ ತಂದು, ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ.

"ಏನ್ರಿ ತಮ್ಮಾರ, ಇದರ ಮ್ಯಾಲೆ ಮಲಗಾವ್ರೇನು?"

"ಇಲ್ಲ ಕಾಕಾ, ಕೆಲಸ ಮಾಡಾಕ. ನಿನ್ನ ಸೈರನ್ ಸಲುವಾಗೇ ಇದೆಲ್ಲಾ."

"ಹಂಗಾರ ಅದು ಯಾವಾಗ ಕೂಗ್ತೈತಿ?"

"ಮೇಜು ಸಿದ್ಧ ಆದ ಮ್ಯಾಲೆ."

ಎರಡನೆಯ ವಾರ ಎರಡು ಪರದೆಗಳು ಬಂದವು, ಚಟಚಟ ಸದ್ದು ಮಾಡುವ ಹೊಸ ಕೀಬೋರ್ಡು ಬಂತು, ಕಣ್ಣಿಗೆ ನೋವಾಗದ ದೀಪ ಬಂತು. ವೈರುಗಳು ಕಾಣದಂತೆ ಹಲಗೆಯ ಅಡಿಗೆ ಕಟ್ಟಲು ಒಂದಿಡೀ ದಿನ ಹೋಯಿತು. ಎಲ್ಲವನ್ನೂ ಹುಲಿಗೆಪ್ಪನೇ ಹೊತ್ತು ತಂದ. ಒಂದಕ್ಕೂ ನೀರು ತಾಗಿಸಲಿಲ್ಲ.

ಆಮೇಲೆ ಧರಣೇಂದ್ರ ಕೆಲಸ ವಿಂಗಡಿಸುವ ಒಂದು ಆ್ಯಪ್ ಹಾಕಿಕೊಂಡ. ಬರೆಯಬೇಕಾದ ಪ್ರೋಗ್ರಾಮನ್ನು ನಲವತ್ತೊಂದು ಚೀಟಿಗಳಾಗಿ ಒಡೆದು, ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ, ಪರದೆಯ ಮೇಲೆ ಸಾಲಾಗಿ ಜೋಡಿಸಿದ. ಸಾಲು ಚಂದ ಕಾಣಲಿಲ್ಲವೆಂದು ಮತ್ತೆ ಜೋಡಿಸಿದ. ಬಹಳ ಕೆಲಸ ಮಾಡಿದ ಸಮಾಧಾನವಾಗಿ ಆ ದಿನ ಅವನಿಗೆ ಒಳ್ಳೆಯ ನಿದ್ದೆ ಬಂತು.

ಅಜ್ಜಾರು ಬಂದು ಪರದೆಯನ್ನು ನೋಡಿದರು.

"ಇದ್ರಾಗ ಸೈರನ್ ಯಾವುದು?"

ಧರಣೇಂದ್ರ ಎಡತುದಿಯ ಒಂದು ಕೆಂಪು ಚೀಟಿ ತೋರಿಸಿದ. "ಇದ್ರಿ."

"ಇದು ಅದರ ಹೆಸರು," ಅಂದರು ಅಜ್ಜಾರು.

ಅವರು ಅಂಗಳಕ್ಕೆ ಹೋಗಿ ಗಂಟೆಯ ಹಗ್ಗವನ್ನು ಹಿಡಿದು ಜಗ್ಗಿ ನೋಡಿದರು. ಹಗ್ಗ ಗಟ್ಟಿಯಾಗೇ ಇತ್ತು. ಶಿಷ್ಯ ಕಿಟಕಿಯಿಂದ ಅದನ್ನು ನೋಡಿದ. ಗಂಟೆಯ ಕಾಲ ಮುಗಿಯಿತು ಎಂದುಕೊಂಡ.

ಮೂರನೆಯ ವಾರ ಉಳಿದದ್ದು ಕುರ್ಚಿಯೊಂದೇ. ಬೆನ್ನಿಗೆ, ಕುತ್ತಿಗೆಗೆ, ಮೊಳಕೈಗೆ ಬೇರೆ ಬೇರೆ ಆಸರೆ ಇದ್ದ ಕುರ್ಚಿ. ಅದು ಆಚೆ ದಡಕ್ಕೆ ಬಂದಿದೆಯೆಂದು ಸುದ್ದಿ ಬಂದಾಗ ಮಧ್ಯಾಹ್ನದ ಊಟ ಮುಗಿದಿತ್ತು.

ಹುಲಿಗೆಪ್ಪ ಹುಟ್ಟನ್ನು ಕೈಗೆತ್ತಿಕೊಂಡು ನಕ್ಕ.

"ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದ್ಲಂತ. ನೀವು ನೆಲಾನೂ ಸಮ ಮಾಡ್ಕೊಂಡ್ರಿ ತಮ್ಮಾರ. ಇನ್ನರ ಕುಣೀರಿ."

"ಕುರ್ಚಿ ಬರಲಿ ಕಾಕಾ, ಇವತ್ತ ಶುರು."

ದಡದಲ್ಲಿ ಬಲೆ ಹೊಲಿಯುತ್ತಿದ್ದ ಹುಲಿಗೆಪ್ಪನ ಹೆಂಡತಿ ಗಿರಿಜವ್ವ ತಲೆಯೆತ್ತದೆ ಅಂದಳು, "ಲಗೂನ ಬಾ."

ಹರಿಗೋಲು ಆಚೆ ಹೋಯಿತು.

ಧರಣೇಂದ್ರನಿಗೆ ಹುಲಿಗೆಪ್ಪನ ಮಾತು ಸ್ವಲ್ಪ ಚುಚ್ಚಿತು. ಕುರ್ಚಿ ಬರುವ ತನಕ ಒಂದು ಸುತ್ತು ಮನಸ್ಸಿಟ್ಟು ಕೆಲಸ ಮಾಡಿಬಿಡೋಣ ಎಂದು ಕೂತ. ಅದಕ್ಕೂ ಒಂದು ಆ್ಯಪ್ ಇತ್ತು. ನಲವತ್ತೈದು ನಿಮಿಷ ಯಾರ ಫೋನೂ ಬರದಂತೆ, ಯಾವ ಸದ್ದೂ ಆಗದಂತೆ ಅದು ಕಾಯುತ್ತದೆ. ಅಜ್ಜಾರು ಕೊಟ್ಟ ಫೋನಿಗೇ ಅದನ್ನು ಹಾಕಿ ಒತ್ತಿದ. ಏಕಾಗ್ರತೆಗೆ ಒಳ್ಳೆಯದೆಂದು ಯಾರೋ ಹೇಳಿದ್ದ ಹರಿಯುವ ನೀರಿನ ಸದ್ದನ್ನು ಇಯರ್‌ಫೋನ್ ಸಿಕ್ಕಿಸಿ ಎರಡೂ ಕಿವಿಗೆ ತುಂಬಿಕೊಂಡ.

ಪರದೆಯ ಮೇಲೆ ಅಕ್ಷರಗಳು ಯಾವ ಬಣ್ಣದಲ್ಲಿರಬೇಕು ಎಂಬುದರಿಂದ ಶುರುಮಾಡಿದ.

ಅವನ ಮೊಳಕೈ ಪಕ್ಕದಲ್ಲೇ ಫೋನ್ ಇತ್ತು. ಗೇಟಿನವನು ಏಳು ಸಲ ಫೋನ್ ಮಾಡಿದ. ಅಜ್ಜಾರು ಹಿತ್ತಲಲ್ಲಿ ಬದನೆ ಗಿಡಕ್ಕೆ ಮಣ್ಣು ಏರಿಸುತ್ತಿದ್ದರು.

ನಲವತ್ತೈದು ನಿಮಿಷ ಮುಗಿದಾಗ ಮೆಲ್ಲನೆ ಒಂದು ಸ್ವರ ನುಡಿಯಿತು. 'ಭೇಷ್' ಎಂಬ ಪದ ಮೂಡಿತು. ಧರಣೇಂದ್ರ ಸಂತೋಷದಿಂದ ಕಿವಿಯೊಳಗಿನದನ್ನು ಕಿತ್ತು ಮೇಜಿನ ಮೇಲಿಟ್ಟ.

ನೀರಿನ ಸದ್ದು ನಿಲ್ಲಲಿಲ್ಲ.

ಅವನು ಓಡಿಹೋಗಿ ಗಂಟೆ ಬಾರಿಸಿದ. ಅಂಗೈ ಸುಲಿಯುವ ತನಕ ಬಾರಿಸಿದ. ದಡದಲ್ಲಿ ಗಿರಿಜವ್ವ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು. ಹೊಳೆಯ ನಡುವೆ ನೋಡಲು ಏನೂ ಉಳಿದಿರಲಿಲ್ಲ.

ಸಂಜೆ ನೀರು ಇಳಿದಾಗ ಆಶ್ರಮದ ಮೆಟ್ಟಿಲಿಗೆ ಕುರ್ಚಿ ಬಂದು ತಾಗಿತ್ತು. ಸುತ್ತಿದ್ದ ಥರ್ಮಾಕೋಲು ಅದನ್ನು ಮುಳುಗಲು ಬಿಟ್ಟಿರಲಿಲ್ಲ. ಹುಲಿಗೆಪ್ಪ ಮರುದಿನ ಸಿಕ್ಕ, ಎರಡು ಮೈಲಿ ಕೆಳಗೆ, ಬಂಡೆಯ ಸಂದಿಯಲ್ಲಿ.

ಅಜ್ಜಾರು ಧರಣೇಂದ್ರನ ಕೋಣೆಗೆ ಬಂದರು. ಪರದೆಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟರು. ದೀಪ ಇಳಿಸಿದರು. ಹಲಗೆಯ ಕೆಳಗೆ ಕಟ್ಟಿದ್ದ ವೈರುಗಳನ್ನು ಕುಡುಗೋಲಿನಿಂದ ಕೊಯ್ದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

"ಇದನ್ನ ಸುಟ್ಟುಬಿಡ್ತೀನ್ರಿ ಅಜ್ಜಾರ," ಅಂದ ಧರಣೇಂದ್ರ.

"ಹಲಗಿ ಏನ ಮಾಡೈತಿ? ಹಿಡಿ, ಆ ಕಡೆ ಹಿಡಿ."

ಇಬ್ಬರೂ ಹಲಗೆಯನ್ನು ಹೊತ್ತು ಮೆಟ್ಟಿಲು ಇಳಿದರು. ಹುಲಿಗೆಪ್ಪನನ್ನು ಅದರ ಮೇಲೆ ಮಲಗಿಸಿ ಊರಿಗೆ ತಂದರು. ಮಣ್ಣು ಮಾಡುವಾಗ ಹಲಗೆಯನ್ನೂ ಅವನ ಜೊತೆ ಇಳಿಸಿದರು. ಉದ್ದ ಸರಿಯಾಗಿತ್ತು.

ಮೂರನೆಯ ದಿನ ಧರಣೇಂದ್ರ ಗುರುವಿನ ಕಾಲು ಹಿಡಿದ.

"ನನ್ನ ಕಳಿಸಿಬಿಡ್ರಿ ಅಜ್ಜಾರ. ನಾನು ಈ ವಿದ್ಯಾಕ್ಕ ತಕ್ಕಾವ ಅಲ್ಲ. ಇಲ್ಲಾ, ಏನರ ಪ್ರಾಯಶ್ಚಿತ್ತ ಹೇಳ್ರಿ. ಉಪಾಸ ಇರ್ತೀನಿ. ಮೌನ ಹಿಡೀತೀನಿ."

"ಗಿರಿಜವ್ವ ನಾಳೆ ಹರಗೋಲ ಇಳಸ್ತಾಳಂತ."

ಧರಣೇಂದ್ರ ತಲೆಯೆತ್ತಿದ. "ಅಕಿ ಯಾಕ್ರಿ? ಆ ಹೊಳಿಗೆ?"

"ಹೊಟ್ಟಿ ಐತಲ್ಲ. ಬ್ಯಾರೆ ಏನು ಗೊತ್ತೈತಿ ಅಕಿಗೆ?"

ಅಜ್ಜಾರು ಅವನನ್ನು ಹಿಡಿದೆಬ್ಬಿಸಿದರು.

"ಕಿವಿ ನಿನ್ನ ಕೈಯಾಗ ಕೊಟ್ಟಾವ ನಾನು," ಅಂದರು ಅಜ್ಜಾರು. "ಮೂರು ವಾರ ನೋಡ್ಕೋಂತ ಸುಮ್ಮನ ಕೂತಾವನೂ ನಾನ. ನನ್ನ ಪಾಲಿಂದು ನಾನು ಹೊರ್ತೀನಿ. ನಿಂದು ಅಲ್ಲೈತಿ."

ಅವರು ಹಳೆಯ ಕಂಪ್ಯೂಟರಿದ್ದ ಮಣೆಯ ಕಡೆ ಬೆರಳು ತೋರಿಸಿದರು.

ಧರಣೇಂದ್ರ ಚಾಪೆಯ ಮೇಲೆ ಕೂತ. ಬೆನ್ನು ನೋಯಿತು. ಕಿತ್ತುಹೋದ ಗುಂಡಿಗಳ ಜಾಗದಲ್ಲಿ ಉಗುರಿನಿಂದ ಒತ್ತಬೇಕಿತ್ತು. ಫೋನನ್ನು ದೊಡ್ಡ ಸದ್ದಿಗಿಟ್ಟು ಮಡಿಲಲ್ಲಿ ಇಟ್ಟುಕೊಂಡ. ಬಾಗಿಲಿನಾಚೆ ದಡದಲ್ಲಿ ಗಿರಿಜವ್ವ ಹೊಸ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದದ್ದು ಕಾಣುತ್ತಿತ್ತು. ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಆದರೂ ಬರೆದ. ತಪ್ಪಿದ್ದನ್ನು ಅಳಿಸಿ ಮತ್ತೆ ಬರೆದ.

ಬರೆದದ್ದನ್ನು ಪರೀಕ್ಷಿಸಲು, ಸೈರನ್ ಕೂಗಬೇಕಾದ ಮಟ್ಟವನ್ನು ಅಂದಿನ ನೀರಿಗಿಂತ ಒಂದು ಗೇಣು ಕೆಳಗಿಟ್ಟ. ಒಂದು ನಿಮಿಷ ಕಾದ.

ಮಾಳಿಗೆಯ ಮೇಲೆ ಸೈರನ್ ಕೂಗಿತು. ಎರಡೂ ದಡಕ್ಕೆ ಕೇಳುವಂತೆ ಕೂಗಿತು.

ಗಿರಿಜವ್ವ ಕೈಯಲ್ಲಿದ್ದದ್ದನ್ನು ಚೆಲ್ಲಿ ನೀರಿನಿಂದ ದೂರ ಓಡಿದಳು. ಸದ್ದು ನಿಂತ ಮೇಲೂ ಎದೆಯ ಮೇಲೆ ಕೈಯಿಟ್ಟುಕೊಂಡು ಆಶ್ರಮದ ಕಡೆ ನೋಡುತ್ತಾ ನಿಂತಿದ್ದಳು.

ಆ ಸದ್ದು ಅಜ್ಜಾರಿಗೂ ಕೇಳಿತ್ತು. ಅವರು ಬಾಗಿಲಿಗೆ ಬಂದರು.

"ಮುಗೀತ್ರಿ ಅಜ್ಜಾರ," ಅಂದ ಧರಣೇಂದ್ರ. ಒಂದು ಗಳಿಗೆ ಅವನ ಮುಖದಲ್ಲಿ ಗೆಲುವಿತ್ತು.

"ಎಷ್ಟು ಹೊತ್ತು ಹಿಡೀತು?"

ಧರಣೇಂದ್ರ ಪರದೆಯ ಮೂಲೆಯ ಗಡಿಯಾರ ನೋಡಿದ.

"ಎರಡು ತಾಸ್ರಿ."

"ಹೋಗು. ಎರಡು ತಾಸಿನ ಕೆಲಸ ಇತ್ತು ಅಂತ ಗಿರಿಜವ್ವಗ ನೀನ ಹೇಳಿ ಬಾ."