ನಡು ದಾಟದ ಕಾಯಿಗಳು

“ಗುರುಗಳೇ, ಎದುರಾಳಿ ಮುನ್ನುಗ್ಗಿ ಬರುತ್ತಿರುವಾಗ ತನ್ನ ನೆಲೆಯಲ್ಲೇ ಕುಳಿತಿರುವುದು ಹೇಡಿತನವಲ್ಲವೇ?” ಎಂದು ಶಿಷ್ಯನೊಬ್ಬನು ಕೇಳಿದನು.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದನು. ಚದುರಂಗದಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲಿರಲಿಲ್ಲ. ಅವನ ಮಗನಿಗೆ ನೆರೆಯೂರಿನ ಬಣ್ಣಗಾರನ ಮಗಳನ್ನು ತಂದರು. ಹುಡುಗಿ ಚದುರಂಗ ಬಲ್ಲವಳು, ತಂದೆಯೇ ಕಲಿಸಿದ್ದನು. ವರ್ತಕನ ಮನೆಯಲ್ಲಾದರೋ ಹೆಂಗಸರು ಹಲಗೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಬೀಗರ ಔತಣದ ದಿನ ಎರಡು ಕಡೆಯವರೂ ಒಂದು ಆಟವಾಡುವುದು, ಸೋತವರನ್ನು ಮನಸಾರೆ ಹಾಸ್ಯ ಮಾಡುವುದು ಅಲ್ಲಿಯ ಪದ್ಧತಿ. ವರ್ತಕನು ಚದುರಂಗದ ಹಲಗೆ ತರಿಸಿ, ಯಾರು ಬರುತ್ತೀರಿ ಎಂದನು. ಮದುವಣಗಿತ್ತಿಯೇ ಬಂದು ಕುಳಿತಳು.

“ಮಾವನವರೇ, ಗೆದ್ದರೆ ನಿಮ್ಮ ಮನೆಯಲ್ಲಿ ನನಗೆ ದಿನವೂ ಒಂದು ಆಟ ಸಿಗಬೇಕು.”

“ಸೋತರೆ, ತಾಯಿ?”

“ಇನ್ನೆಂದೂ ಕಾಯಿ ಮುಟ್ಟುವುದಿಲ್ಲ.”

ಬಣ್ಣಗಾರನ ಮುಖ ಬಾಡಿತು.

ಆಟ ತೊಡಗಿತು. ವರ್ತಕನು ಕಾಲಾಳುಗಳನ್ನು ಹಲಗೆಯ ನಡುವಿಗೆ ನೂಕಿದನು. ಕುದುರೆಗಳನ್ನು ಅವುಗಳ ಬೆನ್ನಿಗೆ ತಂದನು. ಹುಡುಗಿ ತನ್ನ ಕಾಲಾಳುಗಳನ್ನು ಒಂದೊಂದೇ ಮನೆ ಮುಂದಿಟ್ಟು ನಿಲ್ಲಿಸಿದಳು. ಉಳಿದ ಕಾಯಿಗಳು ಅವುಗಳ ಹಿಂದೆ ಉಳಿದವು. ಒಂದೂ ನಡು ದಾಟಲಿಲ್ಲ. ಆಮೇಲೆ ಅವಳು ಮೂಲೆಯ ಆನೆಯನ್ನು ಒಂದು ಮನೆ ಆಚೆಗಿಡುವಳು, ಮರುನಡೆಗೆ ಈಚೆಗೆ ತರುವಳು.

ಗಂಡಿನ ಕಡೆಯವರು ಬಿದ್ದುಬಿದ್ದು ನಕ್ಕರು. “ಬೀಗರೇ, ನಿಮ್ಮ ಆನೆಗೆ ಹೊಸ್ತಿಲು ದಾಟಲು ಮುಹೂರ್ತ ಬೇಕೇನು?”

ವರ್ತಕನ ಸೈನ್ಯ ಅವಳ ಸಾಲಿನ ಎದುರು ಬಂದು ನಿಂತಿತು. ಹೊಡೆಯಲು ಒಂದೂ ಸಡಿಲು ಜಾಗವಿರಲಿಲ್ಲ. ಚದುರಂಗದಲ್ಲಿ ಸರದಿ ಬಂದವನು ನಡೆಯಲೇಬೇಕು. ಕುದುರೆಯನ್ನು ಹಿಂದಕ್ಕಿಟ್ಟರೆ ಅಪಾಯವಿಲ್ಲವೆಂದು ವರ್ತಕನಿಗೆ ತಿಳಿದಿತ್ತು. ಅವನ ಕೈ ಕುದುರೆಯತ್ತ ಸರಿಯಿತು.

“ಅಣ್ಣಾ, ಹಿಂದಕ್ಕೇ? ನಿನ್ನೆ ಬಂದ ಹುಡುಗಿಗೆ ಹೆದರಿದೆಯಾ?” ಎಂದನು ಅವನ ತಮ್ಮ. ಮತ್ತೆ ನಗು.

ವರ್ತಕನು ಕೈ ಹಿಂತೆಗೆದು, ತನ್ನ ರಾಜನ ಮುಂದಿದ್ದ ಕಾಲಾಳನ್ನು ಮುಂದೆ ತಳ್ಳಿದನು. ಹುಡುಗಿಯ ಕಾಲಾಳು ಅದನ್ನು ಹೊಡೆಯಿತು. ಆ ಕಾಲಾಳು ಬಿಟ್ಟುಬಂದ ಸಾಲು ರಾಜನ ಪಕ್ಕಕ್ಕೇ ತೆರೆಯಿತು. ಅವಳ ಆನೆ ಆ ಸಾಲಿಗೆ ಬಂದು ನಿಂತಿತು. ರಾಜನನ್ನು ಕಾಯಬೇಕಾದ ಕಾಯಿಗಳೆಲ್ಲ ದೂರದಲ್ಲಿದ್ದವು. ಕೆಲವೇ ನಡೆಗಳಲ್ಲಿ ರಾಜನಿಗೆ ನಿಲ್ಲಲು ಮನೆಯಿಲ್ಲದಾಯಿತು.

ವರ್ತಕನು ಹಲಗೆಯನ್ನು ಬಹಳ ಹೊತ್ತು ನೋಡಿದನು. ಆಮೇಲೆ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕನು. “ದಿನವೂ ಒಂದು ಆಟ ಸಾಲದಮ್ಮ, ಎರಡಾಡೋಣ! ಇಷ್ಟು ಕಾಲ ಈ ಮನೆಯಲ್ಲಿ ಗೆದ್ದು ಗೆದ್ದು ನನಗೆ ಬೇಸರ ಹಿಡಿದಿತ್ತು.” ಬಣ್ಣಗಾರನು ಎದ್ದು ಬೀಗನನ್ನು ಅಪ್ಪಿಕೊಂಡನು. ಅಂದು ಪಾಯಸ ಎರಡು ಸಲ ಬಡಿಸಿದರು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೂ ನಗು ಬಂದಿತ್ತು. “ಅಷ್ಟು ಜನ ನಗುತ್ತಿರುವಾಗ ಆ ಹುಡುಗಿ ಹೇಗೆ ತಾಳಿಕೊಂಡಳು, ಗುರುಗಳೇ?” ಎಂದು ಕೇಳಿದನು.

“ನಗು ಇಬ್ಬರ ಕಿವಿಗೂ ಬಿದ್ದಿತ್ತು, ಮಗು, ನಡೆ ಬದಲಿಸಿದವರು ಯಾರು?”