ತೊಗಟೆ ಉಳಿಸಿಕೊಂಡ ಭೂರ್ಜ

ಹಿಮಾಲಯದ ಇಳಿಜಾರಿನಲ್ಲಿ ಬಡಗಿಯೊಬ್ಬ ಬಿಳಿ ತೊಗಟೆಯ ಎರಡು ಭೂರ್ಜ ಮರಗಳನ್ನು ಉರುಳಿಸಿದ. ಕಡಿದ ದಿನವೇ ತೊಗಟೆ ಸೀಳದಿದ್ದರೆ ಈ ಮರ ಒಳಗೊಳಗೇ ಕೊಳೆಯುತ್ತದೆಂದು ಅವನಿಗೆ ಗೊತ್ತಿತ್ತು. ಮೊದಲನೆಯದನ್ನು ಸೀಳಿ ತೊಟ್ಟಿಲಿಗೆ ಹಲಗೆ ತೆಗೆದ.

ಎರಡನೆಯ ಮರ ಕೊಡಲಿಯನ್ನು ಬೇಡಿಕೊಂಡಿತು: “ನನ್ನ ಬಿಳುಪನ್ನು ಮುಟ್ಟಬೇಡ. ಕಾಡು ನನ್ನನ್ನು ಗುರುತಿಸುವುದೇ ಅದರಿಂದ.”

“ಸೀಳಿದರೆ ನೋವು ಒಂದು ಗಳಿಗೆ. ಸೀಳದಿದ್ದರೆ ನೀನೇ ಉಳಿಯುವುದಿಲ್ಲ,” ಎಂದಿತು ಕೊಡಲಿ.

ಮರ ಅತ್ತಿತು. ಕೊಡಲಿಯ ಮನಸ್ಸು ಕರಗಿತು. ಬೇಕೆಂದೇ ಜಾರಿ, ಕಲ್ಲಿಗೆ ಬಡಿದು ಬಾಯಿ ಮುರಿದುಕೊಂಡಿತು.

“ಹಾಳಾದ್ದು, ಇವತ್ತೇ ಕೈಕೊಡಬೇಕಿತ್ತಾ!” ಎಂದು ಬೈಯುತ್ತ ಬಡಗಿ ಹಲಗೆ ಹೊತ್ತು ಇಳಿದುಹೋದ.

ಮಳೆಗಾಲ ಕಳೆದ ಮೇಲೆ, ಕುಲುಮೆಯಲ್ಲಿ ಬಾಯಿ ಸರಿಮಾಡಿಸಿಕೊಂಡ ಕೊಡಲಿ ಅವನ ಹೆಗಲೇರಿ ಮರಳಿತು. ಮರ ಬೆಳ್ಳಗೆ, ಒಂದು ಗೀರೂ ಇಲ್ಲದೆ ಬಿದ್ದಿತ್ತು.

“ಚೆನ್ನಾಗಿದ್ದೀಯಾ?” ಎಂದಿತು ಕೊಡಲಿ.

“ಇದ್ದ ಹಾಗೇ ಇದ್ದೇನೆ.”

ಬಡಗಿ ಅದರ ಮೇಲೆ ಕಾಲಿಟ್ಟ. ಪಾದ ಪೂರಾ ಒಳಗಿಳಿಯಿತು. ತೊಗಟೆಯೊಳಗೆ ಒದ್ದೆ ಪುಡಿಯ ಹೊರತು ಏನೂ ಇರಲಿಲ್ಲ.

ಕೊಡಲಿ ಕೇಳಿತು: “ಹಾಗಾದರೆ ಈಗ ಮಾತಾಡಿದ್ದು ಯಾರು?”

“ಮೆಲ್ಲಗೆ,” ಎಂದಿತು ತೊಗಟೆ. “ಮರ ಒಳಗೆ ಮಲಗಿದೆ.”